ಪಠ್ಯರೂಪದ ಗಣಕಯಂತ್ರ-ಆಟಗಳೂ ಪರದೆ-ಓದುಗವೂ: ಸಾಂಬ್ರಾದ ಒಂದು ನಿದರ್ಶನದಿಂದ ಹೊರಟ ಚಾರಿತ್ರಿಕ ವಿವೇಚನೆ

ಬೆಳಗಾವಿ ನಗರದ ಪೂರ್ವಕ್ಕಿರುವ ಸಾಂಬ್ರಾ ಗ್ರಾಮವು ತನ್ನ ವಿಮಾನನಿಲ್ದಾಣದಿಂದಲೂ ವಾಯುಸೇನೆಯ ತರಬೇತಿ ಶಾಲೆಯಿಂದಲೂ ಪರಿಚಿತವಾದುದು. ಕನ್ನಡ ಮರಾಠಿಗಳೆರಡೂ ಅಲ್ಲಿಯ ಓಣಿಗಳಲ್ಲಿ ಕೇಳಿಬರುತ್ತವೆ. ಆ ಊರಿನ ಮನೆಯೊಂದರಲ್ಲಿ, ಹುಟ್ಟಿನಿಂದ ದೃಷ್ಟಿಯಿಲ್ಲದ ತರುಣನೊಬ್ಬನು 1980ರಲ್ಲಿ ಮಾರಾಟಕ್ಕೆ ಬಂದ 'ಝೋರ್ಕ್' ಎಂಬ ಆಟವನ್ನು ಆಡುವುದನ್ನು ನಾವು ಕಂಡೆವು. ಪರದೆಯ ಮೇಲೆ ಚಿತ್ರವೊಂದೂ ಇರಲಿಲ್ಲ. ಬರೆಹದ ಸಾಲುಗಳು ಮೂಡುತ್ತಿದ್ದುವು. ಪರದೆ-ಓದುಗ ತಂತ್ರಾಂಶವು ಅವನ್ನು ಗಟ್ಟಿಯಾಗಿ ಓದುತ್ತಿದ್ದಿತು. ಆತನು ಕೇಳಿ, ಯೋಚಿಸಿ, ಆಜ್ಞೆಯನ್ನು ಬೆರಳಚ್ಚಿಸುತ್ತಿದ್ದನು. ನಡುವೆ ವಿಮಾನವೊಂದು ಇಳಿದು ಯಂತ್ರದ ಧ್ವನಿ ಅದರ ಸದ್ದಿನಲ್ಲಿ ಮುಳುಗಿಹೋಯಿತು. ಆತನು ಕೀಲಿಗಳಿಂದ ಕೈ ತೆಗೆದು ಸುಮ್ಮನೆ ಕುಳಿತನು. ಸದ್ದಡಗಿದ ಮೇಲೆ ಅದೇ ಸಾಲನ್ನು ಮತ್ತೆ ಓದಿಸಿಕೊಂಡನು. ಆಟವು ಅಲ್ಲಿಯವರೆಗೆ ಕಾದಿತ್ತು.

ಅಂಧರಿಗಾಗಿ ರಚಿತವಾಗದ ಈ ಆಟವು ಅವರಿಗೆ ಒದಗಿಬಂದುದು ಹೇಗೆ? ಇಂಗ್ಲಿಷಿನಲ್ಲಿ ಇಷ್ಟು ಸುಲಭವಾಗಿ ಕೇಳಿಬಂದ ಬರೆಹವು ಕನ್ನಡದಲ್ಲಿ ಅಷ್ಟೇ ಸುಲಭವಾಗಿ ಕೇಳಿಬಾರದಿದ್ದುದು ಏಕೆ? ಈ ಎರಡು ಪ್ರಶ್ನೆಗಳನ್ನು ಪ್ರಕೃತ ಪ್ರಬಂಧದಲ್ಲಿ ಪರಿಶೀಲಿಸುವೆವು.

ಈ ಜಾತಿಯ ಆಟಗಳ ಮೂಲವು ಅಮೆರಿಕೆಯ ಕೆಂಟಕಿ ಪ್ರಾಂತದ ಮ್ಯಾಮತ್ ಗುಹೆಗಳಲ್ಲಿದೆ. ವಿಲ್ ಕ್ರೌದರ್ ಎಂಬ ಗಣಕತಜ್ಞನು ತನ್ನ ಪತ್ನಿ ಪೆಟ್ರೀಷಿಯಾಳೊಡನೆ ಆ ಗುಹೆಗಳ ನಕ್ಷೆ ತಯಾರಿಸುವುದರಲ್ಲಿ ಪಾಲ್ಗೊಂಡಿದ್ದವನು. ದಾಂಪತ್ಯ ಮುರಿದ ಮೇಲೆ, ತನ್ನ ಹೆಣ್ಣುಮಕ್ಕಳ ಸಂತೋಷಕ್ಕೆಂದು 1975-76ರ ಸುಮಾರಿಗೆ ಫೋರ್ಟ್ರಾನ್ ಭಾಷೆಯಲ್ಲಿ ಗುಹಾಸಂಚಾರದ ಆಟವೊಂದನ್ನು ಬರೆದನು. ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ 1977ರಲ್ಲಿ ಅದನ್ನು ವಿಸ್ತರಿಸಿದನು. ಅದೇ ವರ್ಷ ಮೆಸಾಚುಸೆಟ್ಸಿನ ಎಂ.ಐ.ಟಿ.ಯಲ್ಲಿ ನಾಲ್ವರು ಸೇರಿ 'ಝೋರ್ಕ್' ರಚಿಸತೊಡಗಿದರು. 1979ರಲ್ಲಿ ಇನ್ಫೋಕಾಮ್ ಎಂಬ ಸಂಸ್ಥೆ ಹುಟ್ಟಿತು. ಆ ಕಾಲದ ಅನೇಕ ಗಣಕಗಳು ಉತ್ತರವನ್ನು ಕಾಗದದ ಸುರುಳಿಯ ಮೇಲೆ ಅಚ್ಚಿಸುತ್ತಿದ್ದುವು. ಸಾಲಿನ ಕೆಳಗೆ ಸಾಲು ಎಂಬ ಈ ಕ್ರಮವು ಯಂತ್ರದ ಬಡತನದಿಂದ ಬಂದುದು; ಯಾರ ಮೇಲಣ ಕರುಣೆಯಿಂದಲೂ ಬಂದುದಲ್ಲ. ಆದರೆ ಕಿವಿಗೆ ಬೇಕಾದ ಕ್ರಮವೂ ಅದೇ ಆಗಿದ್ದಿತು.

ಓದುವ ಯಂತ್ರಗಳ ಚರಿತ್ರೆಯು ಇದಕ್ಕೆ ಸಮಾನಾಂತರವಾಗಿ ನಡೆದುದು. 1976ರಲ್ಲಿ ಕರ್ಜ್‌ವೈಲ್‌ನ ಓದುಯಂತ್ರವು ಅಚ್ಚಾದ ಪುಸ್ತಕವನ್ನು ಧ್ವನಿಗೆ ತಿರುಗಿಸಿತು. ವೈಯಕ್ತಿಕ ಗಣಕಗಳು ಬಂದಾಗ ಪರದೆಯು 80 ಅಕ್ಷರಗಳ 25 ಸಾಲುಗಳಾಗಿತ್ತು. ಪ್ರತಿಯೊಂದು ಅಕ್ಷರವೂ ಯಂತ್ರದ ಸ್ಮೃತಿಯಲ್ಲಿ ಅಕ್ಷರವಾಗಿಯೇ ಇರುತ್ತಿದ್ದುದರಿಂದ ಅದನ್ನು ತೆಗೆದು ಓದುವುದು ಸಾಧ್ಯವಾಯಿತು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಟೆಡ್ ಹೆಂಟರ್ ಎಂಬಾತನ ಸಂಸ್ಥೆಯು 1989ರಲ್ಲಿ 'ಜಾಸ್' ಎಂಬ ಪರದೆ-ಓದುಗವನ್ನು ಹೊರತಂದಿತು. ಆದರೆ ವಿಂಡೋಸ್ ಹರಡಿದಂತೆ ಪರದೆಯು ಚುಕ್ಕೆಗಳ ಚಿತ್ರವಾಗಿ ಮಾರ್ಪಟ್ಟಿತು. ಜಾಸ್‌ನ ವಿಂಡೋಸ್ ಆವೃತ್ತಿ ಬರಲು 1995ರವರೆಗೆ ಕಾಯಬೇಕಾಯಿತು. ಆಟಗಳೂ ಚಿತ್ರದ ಕಡೆಗೆ ಹೊರಳಿದುವು. ಇನ್ಫೋಕಾಮ್ 1989ರಲ್ಲಿ ಮುಚ್ಚಿತು. ನೋಡುವವರು ಬಿಟ್ಟುಹೋದ ಮನೆಯಲ್ಲಿ ಕೇಳುವವರು ಉಳಿದುಕೊಂಡರು. 2006ರಲ್ಲಿ ಆಸ್ಟ್ರೇಲಿಯದ ಅಂಧ ತರುಣ ಮೈಕೆಲ್ ಕರನ್ ಆರಂಭಿಸಿದ 'ಎನ್‌ವಿಡಿಎ' ಎಂಬ ಪರದೆ-ಓದುಗವು ಉಚಿತವಾದುದರಿಂದ ಈ ಸೌಕರ್ಯವು ಬಡವರಿಗೂ ಎಟುಕಿತು. ಸಾಂಬ್ರಾದ ತರುಣನು ಬಳಸುವುದೂ ಅದನ್ನೇ.

ಆಟದ ರಚನೆಯು ಕಿವಿಗೆ ಒಗ್ಗುವ ಬಗೆಯನ್ನು ಇಲ್ಲಿ ಗಮನಿಸತಕ್ಕುದು. 'ಝೋರ್ಕ್'ನಲ್ಲಿ ಒಂದು ಸ್ಥಳಕ್ಕೆ ಮೊದಲ ಸಲ ಹೋದಾಗ ಪೂರ್ಣ ವರ್ಣನೆ ಬರುತ್ತದೆ. ಮರಳಿ ಹೋದಾಗ ಹೆಸರು ಮಾತ್ರ ಬರುತ್ತದೆ. ಬೇಕೆಂದರೆ ವರ್ಣನೆಯನ್ನು ಮತ್ತೆ ಕೇಳಬಹುದು. ಚಕ್ರವ್ಯೂಹದಂತಹ ಕೋಣೆಗಳ ವರ್ಣನೆಯೆಲ್ಲ ಒಂದೇ ತೆರನಾಗಿರುವುದರಿಂದ, ಒಂದೊಂದು ಕೋಣೆಯಲ್ಲಿ ಒಂದೊಂದು ವಸ್ತುವನ್ನು ಇಟ್ಟು ಗುರುತು ಮಾಡಿಕೊಳ್ಳಬೇಕು. ಕಣ್ಣುಳ್ಳವರು ಇದಕ್ಕೆ ಕಾಗದದ ಮೇಲೆ ನಕ್ಷೆ ಬರೆಯುವರು. ಈ ತರುಣನು ಮನಸ್ಸಿನಲ್ಲಿಯೇ ಬರೆದುಕೊಳ್ಳುತ್ತಾನೆ. ದೀಪವಿಲ್ಲದೆ ಕತ್ತಲೆಯಲ್ಲಿ ನಡೆದವನನ್ನು ಭೂತವೊಂದು ತಿಂದುಹಾಕುವುದೆಂಬ ನಿಯಮವೂ ಆ ಆಟದಲ್ಲಿದೆ. "ದೀಪ ಆರೀತಂತ ಹೆದರೋದು ನಾ ಈ ಆಟದಾಗ ಮಾತ್ರರಿ" ಎಂದು ಆತನು ನಕ್ಕನು.

ಆದರೆ ಎಲ್ಲವೂ ಸುಗಮವಲ್ಲ. ಅಂಕ ತೋರಿಸುವ ಮೇಲಣ ಸಾಲು ಪ್ರತಿ ನಡೆಗೂ ಬದಲಾಗುವುದರಿಂದ ಪರದೆ-ಓದುಗವು ತಡವರಿಸುವುದುಂಟು. 1982ರ 'ಡೆಡ್‌ಲೈನ್' ಎಂಬ ಪತ್ತೇದಾರಿ ಆಟದೊಡನೆ ಅಚ್ಚಾದ ಸಾಕ್ಷ್ಯಪತ್ರಗಳನ್ನು ಪೆಟ್ಟಿಗೆಯಲ್ಲಿ ಇಟ್ಟು ಕೊಡುತ್ತಿದ್ದರು. ಬರೆಹವು ಯಂತ್ರವನ್ನು ಬಿಟ್ಟು ಕಾಗದಕ್ಕೆ ಹೋದಲ್ಲಿ ಅಂಧ ಆಟಗಾರನು ಹೊರಗುಳಿದನು.

ಕಿವಿಯಿಂದ ಕಲಿತು ನೆನಪಿನಲ್ಲಿಡುವ ವಿದ್ಯೆಯು ಈ ನಾಡಿಗೆ ಹೊಸತಲ್ಲ. ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳೂ (1892-1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914-2010) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನೇಕ ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ನಮ್ಮ ಹಳ್ಳಿಗಳ ಒಗಟುಗಳೂ ಕೇಳಿ, ತಡೆದು, ಯೋಚಿಸಿ ಬಿಡಿಸುವಂಥವೇ. ಸಾಂಬ್ರಾದ ತರುಣನಿಗೆ ಕೊರತೆಯಾದುದು ಆ ಶಕ್ತಿಯಲ್ಲ. ಕೊರತೆ ಬೇರೆಡೆ ಇದ್ದಿತು.

ಆತನಿಗೆ ಹಿತೈಷಿಗಳೊಬ್ಬರು ಪದವಿ ತರಗತಿಯ ಕನ್ನಡ ಟಿಪ್ಪಣಿಗಳ ಕಡತವನ್ನು ತಂದುಕೊಟ್ಟಿದ್ದರು. ನಮ್ಮ ಕಣ್ಣಿಗೆ ಅದು ಶುದ್ಧ ಕನ್ನಡವಾಗಿತ್ತು. ಯಂತ್ರವು ಮಾತ್ರ 'ಪಿ', 'ಎ' ಎಂದು ರೋಮನ್ ಅಕ್ಷರಗಳನ್ನು ಅರ್ಥವಿಲ್ಲದೆ ಉಚ್ಚರಿಸಿತು. ಕಾರಣವು ಸ್ಪಷ್ಟವಿದೆ. ಹಳೆಯ ಕನ್ನಡ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದರು. 'ಕ'ಕಾರದ ಆಕೃತಿಯು 'ಪಿ' ಅಕ್ಷರದ ಸ್ಥಾನದಲ್ಲಿತ್ತು. ಕಣ್ಣು ಆಕೃತಿಯನ್ನು ನೋಡುವುದು. ಪರದೆ-ಓದುಗವು ಸಂಕೇತವನ್ನು ನೋಡುವುದು. ಭಾರತೀಯ ಲಿಪಿಗಳಿಗಾಗಿ 'ಇಸ್ಕಿ' ಎಂಬ ಸಂಕೇತಮಾನವು 1991ರಲ್ಲಿ ಪ್ರಕಟವಾಯಿತು; ಅದೇ ವರ್ಷದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗ ದೊರೆಯಿತು. ಆದರೂ ಹಳೆಯ ಫಾಂಟುಗಳ ಬಳಕೆಯು ಆಮೇಲೆಯೂ ಬಹುಕಾಲ ಮುಂದುವರಿಯಿತು. ಈಗ ಎನ್‌ವಿಡಿಎಯೊಡನೆ ದೊರೆಯುವ 'ಈಸ್ಪೀಕ್' ಧ್ವನಿಯು ಯೂನಿಕೋಡ್ ಕನ್ನಡವನ್ನು ಓದಬಲ್ಲುದು. ಹಳೆಯ ಕಡತಗಳು ಮಾತ್ರ ಪರಿವರ್ತನೆಗೊಳ್ಳುವವರೆಗೆ ಮೂಕವಾಗಿಯೇ ಉಳಿಯುವುವು. ಅಮೆರಿಕೆಯ ಗುಹೆಯನ್ನು ಸುತ್ತಿಬರಬಲ್ಲ ತರುಣನು ತನ್ನ ಮಾತೃಭಾಷೆಯ ಪಾಠದ ಬಾಗಿಲಲ್ಲಿಯೇ ನಿಲ್ಲಬೇಕಾಯಿತು.

ಕನ್ನಡದಲ್ಲಿ ಇಂತಹ ಆಟವನ್ನು ರಚಿಸುವವರು ಎದುರಿಸಬೇಕಾದ ಭಾಷಾಪ್ರಶ್ನೆಯೊಂದನ್ನೂ ಇಲ್ಲಿ ಸೂಚಿಸಬಯಸುವೆವು. ಇಂಗ್ಲಿಷಿನ ಆಜ್ಞೆಯಲ್ಲಿ ಕ್ರಿಯಾಪದವು ಮೊದಲು ಬರುವುದು, ಕನ್ನಡದಲ್ಲಿ ಕೊನೆಗೆ. ಕ್ರೌದರ್ ಮತ್ತು ವುಡ್ಸರ ಆಟವು ಪ್ರತಿ ಪದದ ಮೊದಲ ಐದು ಅಕ್ಷರಗಳನ್ನು ಮಾತ್ರ ಹೋಲಿಸಿ ನೋಡುತ್ತಿದ್ದಿತು. ಕನ್ನಡದಲ್ಲಿ ಪ್ರಕೃತಿಯು ಮುಂದೆಯೂ ಪ್ರತ್ಯಯವು ಹಿಂದೆಯೂ ಇರುವುದರಿಂದ, ಈ ಉಪಾಯದಿಂದ 'ಪೆಟ್ಟಿಗೆಯಲ್ಲಿ', 'ಪೆಟ್ಟಿಗೆಯಿಂದ' ಎಂಬೆರಡೂ ಪೆಟ್ಟಿಗೆಯೇ ಎಂದು ತಿಳಿಯುವುದು ಸುಲಭ. ಆದರೆ ಹಾಕುವುದೋ ತೆಗೆಯುವುದೋ ಎಂಬ ಸಂಬಂಧವು ಪ್ರತ್ಯಯದೊಡನೆ ಕಡಿದುಹೋಗುವುದು. ಮೇಲಾಗಿ 'ತೆಗೆದುಕೋ' ಎಂಬುದರ ಜೊತೆಗೆ ಸಾಂಬ್ರಾದ 'ತೊಗೊ' ಎಂಬುದೂ ಯಂತ್ರಕ್ಕೆ ತಿಳಿಯಬೇಕು. ಕೇಶಿರಾಜನ ಕಾಲದಿಂದ ವಿಭಕ್ತಿಗಳನ್ನು ವಿವೇಚಿಸುತ್ತ ಬಂದ ನಮ್ಮ ವ್ಯಾಕರಣಶಾಸ್ತ್ರಕ್ಕೆ ಇದು ಉಚಿತವಾದ ಕಾರ್ಯಕ್ಷೇತ್ರವೇ ಸರಿ.

ಒಂದು ಬರೆಹವು ದೃಷ್ಟಿಯಿಲ್ಲದವನಿಗೆ ತೆರೆದಿರುವುದೋ ಮುಚ್ಚಿರುವುದೋ ಎಂಬುದು, ಬರೆದವನ ಸದುದ್ದೇಶಕ್ಕಿಂತ ಹೆಚ್ಚಾಗಿ, ಅದನ್ನು ಯಾವ ರೂಪದಲ್ಲಿ ಇಡಲಾಯಿತೆಂಬುದನ್ನು ಅವಲಂಬಿಸಿದೆ ಎಂದು ಮೇಲಣ ವಿವೇಚನೆಯಿಂದ ಸಿದ್ಧವಾಗುವುದು. ವಿಶ್ವವಿದ್ಯಾಲಯಗಳ ವಿಭಾಗಗಳು ತಮ್ಮ ಕಪಾಟುಗಳಲ್ಲಿರುವ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕಾರ್ಯವನ್ನು ಕೈಗೊಂಡರೆ ಬಹಳಷ್ಟು ಸಾಧಿಸಿದಂತಾಗುವುದು. ಸಾಂಬ್ರಾದ ತರುಣನ ಟಿಪ್ಪಣಿಗಳನ್ನು ನಾವು ಪರಿವರ್ತಿಸಿ ಕೊಟ್ಟೆವು. ಆತನು ಮೊದಲ ಪುಟವನ್ನು ಎರಡು ಬಾರಿ ಓದಿಸಿಕೊಂಡು, ಒಂದು ಒತ್ತಕ್ಷರ ತಪ್ಪಾಗಿದೆಯೆಂದು ನಮಗೆ ತೋರಿಸಿಕೊಟ್ಟನು.