ಹಿಂದೆ ನಾಲ್ಕು ಗಾಲಿ ಇದ್ದರೆ ಎರಡು ಪಟ್ಟು ಹೊರೆ ಹೊರಬಹುದೇ?

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಸಣ್ಣ ಸರಕು ಗಾಡಿ ಕೊಳ್ಳಲು ಹೊರಟವರಿಗೆ ಸಿಗುವ ಮೊದಲ ಸಲಹೆ ಬಹುತೇಕ ಒಂದೇ: "ಕಲ್ಲು, ಸಿಮೆಂಟು ಹೊರಬೇಕಾ? ಹಾಗಾದ್ರೆ ಆರು ಗಾಲಿದೇ ತಗೋ, ಡಬಲ್ ಲೋಡ್ ತಡೀತದ." ಬೊಲೆರೊ ಪಿಕಪ್, ದೋಸ್ತ್, ಟಾಟಾ ಏಸ್‌ನಂಥ ಗಾಡಿಗಳಿಗೆ ಹಿಂದೆ ಒಂದೊಂದು ಬದಿಗೆ ಒಂದೇ ಟೈರು. 1986ರಲ್ಲಿ ಬಂದ ಟಾಟಾ 407 ಮತ್ತು ಅದರ ಜಾತಿಯ ಗಾಡಿಗಳಿಗೆ ಒಂದೊಂದು ಬದಿಗೆ ಎರಡೆರಡು. ಹಿಂದೆ ಟೈರುಗಳ ಸಂಖ್ಯೆ ಎರಡು ಪಟ್ಟಾದರೆ ಹೊರುವ ಶಕ್ತಿಯೂ ಎರಡು ಪಟ್ಟಾಗುತ್ತದೆಯೇ? ಇಲ್ಲ. ಟೈರಿನ ಲೆಕ್ಕದಲ್ಲೂ ಆಗುವುದಿಲ್ಲ, ಗಾಡಿಯ ಲೆಕ್ಕದಲ್ಲಂತೂ ಇಲ್ಲವೇ ಇಲ್ಲ.

ಟೈರಿನ ಬದಿಯಲ್ಲಿ ಬರೆದಿರುವುದನ್ನು ಓದಿ

ಸರಕು ಗಾಡಿಯ ಟೈರಿನ ಪಕ್ಕದ ಗೋಡೆಯ ಮೇಲೆ 122/118 ಎಂಬಂಥ ಜೋಡಿ ಅಂಕಿ ಇರುತ್ತದೆ. ಮೊದಲನೆಯದು ಆ ಟೈರು ಒಂಟಿಯಾಗಿ ಹೊರಬಹುದಾದ ತೂಕದ ಸಂಕೇತ, ಎರಡನೆಯದು ಜೋಡಿಯಾಗಿದ್ದಾಗ ಹೊರಬಹುದಾದದ್ದರ ಸಂಕೇತ. 122 ಎಂದರೆ 1500 ಕೆ.ಜಿ., 118 ಎಂದರೆ 1320 ಕೆ.ಜಿ. ಅಂದರೆ ಒಂಟಿಯಾಗಿ ಎರಡು ಟೈರು 3000 ಕೆ.ಜಿ. ಹೊತ್ತರೆ, ಜೋಡಿಯಾಗಿ ನಾಲ್ಕು ಹೊರುವುದು 5280 ಕೆ.ಜಿ., 6000 ಅಲ್ಲ. ಟೈರು ಮಾಡಿದವರೇ ಪ್ರತಿ ಟೈರಿಗೆ 180 ಕೆ.ಜಿ. ಕಡಿತ ಮಾಡಿಟ್ಟಿದ್ದಾರೆ.

ಕಾನೂನೂ ಹೀಗೇ ಎಣಿಸುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಆಕ್ಸಲ್ ತೂಕದ ಮಿತಿ ಏರಿಸಿದಾಗ ಎರಡು ಟೈರಿನ ಆಕ್ಸಲ್‌ಗೆ 7 ಟನ್, ನಾಲ್ಕು ಟೈರಿನ ಆಕ್ಸಲ್‌ಗೆ 11.5 ಟನ್ ಎಂದು ನಿಗದಿಯಾಯಿತು. 14 ಅಲ್ಲ. ಇದು ದೊಡ್ಡ ಲಾರಿಗಳ ಲೆಕ್ಕವಾದರೂ ತತ್ತ್ವ ಒಂದೇ.

ಈ ಕಡಿತ ಏಕೆ? ಅಕ್ಕಪಕ್ಕದ ಎರಡು ಟೈರುಗಳು ಹೊರೆಯನ್ನು ಸರಿಸಮ ಹಂಚಿಕೊಳ್ಳುವುದು ಕಾಗದದ ಮೇಲೆ ಮಾತ್ರ. ನೀರು ಹರಿದುಹೋಗಲೆಂದು ರಸ್ತೆಯ ನಡುಭಾಗ ತುಸು ಉಬ್ಬಿರುತ್ತದೆ. ಅದರ ಮೇಲೆ ಓಡುವಾಗ ಒಳಗಿನ ಟೈರಿನ ಮೇಲೆ ಹೆಚ್ಚು ಭಾರ ಬೀಳುತ್ತದೆ. ಆ ಒಳ ಟೈರಿಗೆ ಗಾಳಿಯಾಡುವುದು ಕಡಿಮೆ, ಪಕ್ಕದಲ್ಲೇ ಬ್ರೇಕ್ ಡ್ರಮ್ಮಿನ ಬಿಸಿ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಈ ಬಿಸಿ ಸಣ್ಣ ವಿಷಯವಲ್ಲ.

ಟೈರು ತಡೆದರೂ ಸಾಲದು. ಸ್ಪ್ರಿಂಗ್ ಪಟ್ಟಿ, ಆಕ್ಸಲ್, ಬೇರಿಂಗ್, ಚಾಸಿ, ಬ್ರೇಕು ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಗಾಡಿಯ ಮಿತಿ ಅಷ್ಟೇ. ಗ್ಯಾರೇಜಿನಲ್ಲಿ ಎರಡು ಪಟ್ಟಿ ಹೆಚ್ಚಿಗೆ ಹಾಕಿಸಿದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ, ನಿಜ. ಆದರೆ ಬ್ರೇಕು ಹಳೆಯದೇ. ಕುಸಿತ ಕಾಣದ್ದರಿಂದ ಹೊರೆ ಹೆಚ್ಚಾಗಿದೆ ಎಂಬ ಒಂದೇ ಸುಳಿವೂ ಹೋಯಿತು. ಒಂಟಿ ಗಾಲಿಯ ಪಿಕಪ್‌ಗೆ ಜೋಡಿ ಗಾಲಿ ಕೂರಿಸುವುದಂತೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಮಾಡಬಾರದ ಮಾರ್ಪಾಡು.

ಅರ್ಧ ಅಡಿ ಕಲ್ಲು, ಪೂರ್ತಿ ಲೋಡು

ನಮ್ಮ ಭಾಗದಲ್ಲಿ ಜನ ಮೋಸ ಹೋಗುವುದು ಇಲ್ಲಿಯೇ. ಶಹಾಬಾದ್ ಕಲ್ಲು ಸುಣ್ಣದ ಕಲ್ಲಿನ ಜಾತಿ. ಒಂದು ಘನ ಮೀಟರಿಗೆ ಸುಮಾರು 2600 ಕೆ.ಜಿ. ತೂಗುತ್ತದೆ. ಒಂದು ಇಂಚು ದಪ್ಪದ ಎರಡಡಿ-ಎರಡಡಿ ಫರಸಿ ಹತ್ತಿರಹತ್ತಿರ 25 ಕೆ.ಜಿ. ನೂರು ಚದರಡಿ ಫರಸಿ ಎಂದರೆ 600 ಕೆ.ಜಿ.ಗೂ ತುಸು ಮೇಲೆ. ಒಂದೂವರೆ ಟನ್ ಮಿತಿಯ ಪಿಕಪ್‌ಗೆ ಸುಮಾರು 245 ಚದರಡಿ ಹೇರಿದರೆ ಅಲ್ಲಿಗೆ ಮುಗಿಯಿತು.

ಈಗ ಆ ಕಲ್ಲನ್ನು ಎಂಟಡಿ ಉದ್ದ, ಐದೂವರೆ ಅಡಿ ಅಗಲದ ಡಬ್ಬದಲ್ಲಿ ಮಟ್ಟಸವಾಗಿ ಹರಡಿ ನೋಡಿ. ಎತ್ತರ ಬರುವುದು ಆರು ಇಂಚಿಗೂ ಕಡಿಮೆ! ನೋಡುವವರಿಗೆ ಗಾಡಿ ಖಾಲಿ ಇದ್ದಂತೆ. "ಇನ್ನೊಂದು ಸಾಲು ಹಾಕು" ಎನ್ನುತ್ತಾರೆ. ಆ ಒಂದು ಸಾಲಿಗೇ 270 ಕೆ.ಜಿ. ಸೇರುತ್ತದೆ. ತೊಗರಿ ಚೀಲ ಹೇರಿದಾಗ ಕಣ್ಣಳತೆ ಅಷ್ಟಾಗಿ ಕೈಕೊಡುವುದಿಲ್ಲ, ಡಬ್ಬ ತುಂಬುವ ಹೊತ್ತಿಗೆ ತೂಕವೂ ತುಂಬುತ್ತ ಬಂದಿರುತ್ತದೆ. ಸಿಮೆಂಟಿನಲ್ಲಿ ಚೀಲ ಎಣಿಸಬಹುದು: 50 ಕೆ.ಜಿ.ಯ 30 ಚೀಲಕ್ಕೆ ಒಂದೂವರೆ ಟನ್. ಕಲ್ಲಿಗೆ ಮಾತ್ರ ಕಣ್ಣನ್ನು ನಂಬಲೇಬಾರದು.

ಕಲ್ಲನ್ನು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಇಳಿಸಲು ಸುಲಭವೆಂದು ಹಿಂಬಾಗಿಲ ಹತ್ತಿರ ಪೇರಿಸಿದರೆ ಹಿಂದಿನ ಗಾಲಿಗಳ ಮೇಲೆ ಇಡೀ ಭಾರ ಬಿದ್ದು ಮುಂಭಾಗ ಹಗುರಾಗುತ್ತದೆ, ಸ್ಟೇರಿಂಗ್ ಸಡಿಲ ಅನಿಸತೊಡಗುತ್ತದೆ. ಹಿಂದೆ ನಾಲ್ಕು ಗಾಲಿಯಿದ್ದರೂ ಮುಂದಿನವು ಎರಡೇ ಅಲ್ಲವೇ? ಇನ್ನು ಕಲ್ಲಿನ ಮೇಲೆ ಕೂಲಿಯವರನ್ನು ಕೂರಿಸಿ ಓಡಿಸುವುದು. ಒಮ್ಮೆ ಜೋರಾಗಿ ಬ್ರೇಕು ಹಾಕಿದರೆ ನುಣುಪಾದ ಫರಸಿಗಳು ಒಂದರ ಮೇಲೊಂದು ಜಾರುತ್ತವೆ. ಗಾಲಿ ಎಷ್ಟಿದ್ದರೂ ಅದನ್ನು ತಡೆಯಲಾರವು.

ಹೊರುವುದು ಬೇರೆ, ಎಳೆಯುವುದು ಬೇರೆ

ಅಮೆರಿಕದಲ್ಲಿ ಫೋರ್ಡ್ ಎಫ್-350, ರ್‍ಯಾಮ್ 3500ರಂಥ ಒಂದೇ ಪಿಕಪ್ ಒಂಟಿ ಗಾಲಿಯಲ್ಲೂ ಸಿಗುತ್ತದೆ, ಜೋಡಿ ಗಾಲಿಯಲ್ಲೂ ಸಿಗುತ್ತದೆ. ಅಲ್ಲಿನವರು ಜೋಡಿ ಗಾಲಿ ಆರಿಸಿಕೊಳ್ಳುವುದು ಹೆಚ್ಚಾಗಿ ಭಾರಿ ಟ್ರೇಲರ್ ಎಳೆಯಲು. ನಮ್ಮಲ್ಲಿ ಟ್ರೇಲರ್ ಎಂದರೆ ಟ್ರ್ಯಾಕ್ಟರ್ ನೆನಪಾಗುತ್ತದೆ. ಆದರೂ ಗಣಿಯ ಕಂಪ್ರೆಸರ್, ಕಾಂಕ್ರೀಟ್ ಮಿಕ್ಸರ್, ಜನರೇಟರ್‌ಗಳನ್ನು ಪಿಕಪ್‌ಗೆ ಕಟ್ಟಿ ಒಯ್ಯುವವರಿದ್ದಾರೆ.

ಎಳೆಯುವ ಶಕ್ತಿ ಎಂಜಿನ್, ಕ್ಲಚ್, ಗೇರು, ಚಾಸಿಗಳಿಂದ ಬರುವುದು, ಟೈರಿನ ಸಂಖ್ಯೆಯಿಂದಲ್ಲ. ಜೋಡಿ ಗಾಲಿ ನೆರವಾಗುವುದು ಎರಡು ಕಡೆ. ಒಂದು, ಟ್ರೇಲರ್‌ನ ಮೂತಿ ಕೊಂಡಿಯ ಮೇಲೆ ಒತ್ತುವ ಭಾರ. 1500 ಕೆ.ಜಿ. ಟ್ರೇಲರ್ ಸುಮಾರು ಹತ್ತರಲ್ಲೊಂದು ಪಾಲು, ಅಂದರೆ 150 ಕೆ.ಜಿ. ಒತ್ತುತ್ತದೆ ಎನ್ನಿ. ಕೊಂಡಿ ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದಿದ್ದು, ಗಾಲಿಗಳ ನಡುವಿನ ಅಂತರ 3 ಮೀಟರ್ ಇದ್ದರೆ, ಸನ್ನೆಗೋಲಿನ ಲೆಕ್ಕದಲ್ಲಿ ಹಿಂದಿನ ಆಕ್ಸಲ್‌ಗೆ 210 ಕೆ.ಜಿ. ಸೇರುತ್ತದೆ, ಮುಂದಿನದರಿಂದ 60 ಕೆ.ಜಿ. ಇಳಿಯುತ್ತದೆ. ಡಬ್ಬದಲ್ಲಿ ಮೊದಲೇ ಹೊರೆ ತುಂಬಿದ್ದರೆ ಒಂಟಿ ಗಾಲಿಯ ಮಿತಿ ದಾಟಲು ಇಷ್ಟು ಸಾಕು. ಎರಡು, ಅಗಲವಾದ ನಿಲುವಿನಿಂದ ಅಡ್ಡಗಾಳಿಗೆ ಮತ್ತು ತಿರುವಿನಲ್ಲಿ ಗಾಡಿಯ ಓಲಾಟ ಕಡಿಮೆ.

ಟ್ರೇಲರ್ ಬಾಲ ಅಲ್ಲಾಡಿಸತೊಡಗುವುದಕ್ಕೆ ಮಾತ್ರ ಬಹುಪಾಲು ಕಾರಣ ಅದರ ಹೊರೆ ಹಿಂದಕ್ಕೆ ಸರಿದು ಕೊಂಡಿ ಹಗುರಾಗಿರುವುದು. ಹೊರೆಯನ್ನು ಮುಂದಕ್ಕೆ ಸರಿಸಬೇಕು, ವೇಗ ತಗ್ಗಿಸಬೇಕು. ಬ್ರೇಕಿಲ್ಲದ ಟ್ರೇಲರ್ ಕಟ್ಟಿಕೊಂಡು ಚಿಂಚೋಳಿ ತಾಲ್ಲೂಕಿನ ಕೊಂಚಾವರಂ ಕಡೆಯ ಇಳಿಜಾರು ಇಳಿಯುವಾಗ ಎರಡರ ಭಾರವನ್ನೂ ತಡೆಯಬೇಕಾದದ್ದು ಮುಂದಿನ ಗಾಡಿಯ ಬ್ರೇಕು. ಕೈಪಿಡಿಯಲ್ಲಿ ಎಳೆಯುವ ತೂಕದ ಮಿತಿ ಕೊಟ್ಟಿಲ್ಲವೆಂದರೆ ಎಷ್ಟು ಬೇಕಾದರೂ ಎಳೆಯಬಹುದು ಎಂದು ಅರ್ಥವಲ್ಲ, ಎಳೆಯಬಾರದು ಎಂದೇ ತಿಳಿಯುವುದು ಒಳ್ಳೆಯದು. ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು.

ಜೋಡಿ ಗಾಲಿಯ ಸ್ವಂತ ತಲೆನೋವು

"ಒಂದು ಟೈರು ಹೋದರೂ ಇನ್ನೊಂದು ಇರುತ್ತದೆ" ಎನ್ನುವುದು ಅರ್ಧ ನಿಜ. ಒಳ ಟೈರಿನ ಗಾಳಿ ಇಳಿದರೆ ಪಕ್ಕದ ಟೈರು ಗಾಡಿಯನ್ನು ಎತ್ತಿ ಹಿಡಿದಿರುವುದರಿಂದ ಚಾಲಕನಿಗೆ ಗೊತ್ತೇ ಆಗುವುದಿಲ್ಲ. ಒಂದೇ ಟೈರು ಇಬ್ಬರ ಹೊರೆ ಹೊತ್ತು ಕಾದು ಸಿಡಿಯುತ್ತದೆ. ಪಾನಾದಿಂದ ಬಡಿದು ಸದ್ದು ಕೇಳಿದರೆ ಪೂರ್ತಿ ಇಳಿದದ್ದು ತಿಳಿದೀತು, ಅರ್ಧ ಇಳಿದದ್ದಲ್ಲ. ಗೇಜ್ ಹಿಡಿದೇ ನೋಡಬೇಕು, ಒಳ ಟೈರಿಗೆ ಉದ್ದನೆಯ ವಾಲ್ವ್ ಹಾಕಿಸಿಕೊಂಡರೆ ಕೆಲಸ ಸುಲಭ.

ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕುವ ಅಭ್ಯಾಸವೂ ದುಬಾರಿ. ಎರಡೂ ಒಂದೇ ಹಬ್ಬಿಗೆ ಬಿಗಿದಿರುವುದರಿಂದ ಒಟ್ಟಿಗೇ ತಿರುಗಬೇಕು. ವ್ಯಾಸದಲ್ಲಿ 6 ಮಿ.ಮೀ., ಅಂದರೆ ಕಾಲು ಇಂಚು ವ್ಯತ್ಯಾಸವಿದ್ದರೆ, ಎಂಟುನೂರು ಮಿ.ಮೀ. ಎತ್ತರದ ಟೈರುಗಳಲ್ಲಿ ಪ್ರತಿ ಕಿಲೋಮೀಟರಿಗೆ ಏಳು ಮೀಟರಿಗೂ ಹೆಚ್ಚು ಉಜ್ಜಾಟ. ಹೊಸದೇ ಬೇಗ ಸವೆದರೆ ಅಂಗಡಿಯವರನ್ನು ಬೈದು ಫಲವಿಲ್ಲ.

ಇವಲ್ಲದೆ ನಮ್ಮ ಸೀಮೆಯದೇ ಎರಡು ಕಾಟಗಳಿವೆ. ಗಣಿ ದಾರಿಯ ಕಲ್ಲಿನ ಚೂರು ಎರಡು ಟೈರುಗಳ ನಡುವೆ ಸಿಕ್ಕಿಕೊಂಡರೆ ಪಕ್ಕದ ಗೋಡೆಯನ್ನು ಕೊರೆಯುತ್ತದೆ, ಇಲ್ಲವೇ ವೇಗದಲ್ಲಿ ಚಿಮ್ಮಿ ಹಿಂದೆ ಬರುವ ಬೈಕಿನವರಿಗೆ ಬಡಿಯುತ್ತದೆ. ಗಣಿಯಿಂದ ಡಾಂಬರು ರಸ್ತೆಗೆ ಹತ್ತುವ ಮುನ್ನ ಇಳಿದು ನೋಡಿ ಕಲ್ಲು ತೆಗೆಯಲೇಬೇಕು. ಮಳೆಗಾಲದಲ್ಲಿ ಹೊಲದ ದಾರಿಯ ಎರೆ ಮಣ್ಣು ಅದೇ ಸಂದಿಯಲ್ಲಿ ಮೆತ್ತಿಕೊಂಡು ನಾಲ್ಕು ಗಾಲಿ ಎರಡು ಉಂಡೆಗಳಾಗುತ್ತವೆ.

ಆರು ಗಾಲಿಗೆ ಹೆವಿ ಲೈಸೆನ್ಸ್ ಬೇಕೇ?

ಗಾಲಿ ಎಣಿಸಿ ಲೈಸೆನ್ಸ್ ಕೊಡುವುದಿಲ್ಲ. ಒಟ್ಟು ತೂಕ 7500 ಕೆ.ಜಿ. ಮೀರದ ಗಾಡಿ ಕಾನೂನಿನ ಕಣ್ಣಲ್ಲಿ ಲಘು ವಾಹನ. ಆ ಮಿತಿಯೊಳಗಿನ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸ್ ಇದ್ದವರು ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿದೆ.

ಹಾಗಾದರೆ ಯಾವುದು ಕೊಳ್ಳಬೇಕು?

ವಾರದಲ್ಲಿ ನಾಲ್ಕೈದು ದಿನ ಎರಡು ಟನ್‌ಗೂ ಹೆಚ್ಚು ಕಲ್ಲೋ ಸಿಮೆಂಟೋ ಹೊರುವುದಿದ್ದರೆ ಜೋಡಿ ಗಾಲಿಯ ಗಾಡಿಯೇ ಸರಿ, ಒಂಟಿ ಗಾಲಿಯ ಪಿಕಪ್‌ನಲ್ಲಿ ಆ ಕೆಲಸ ಮಾಡುವುದು ಜೂಜು. ತೊಗರಿ, ತರಕಾರಿ, ಹಾಲು, ಗೊಬ್ಬರ, ಆಗೊಮ್ಮೆ ಈಗೊಮ್ಮೆ ಮನೆಗೆ ನೂರಿನ್ನೂರು ಚದರಡಿ ಫರಸಿ ಎಂದರೆ ಒಂಟಿ ಗಾಲಿ ಸಾಕು. ಸ್ಟೆಪ್ನಿ ಸೇರಿ ಏಳರ ಬದಲು ಐದು ಟೈರಿನ ಖರ್ಚು, ಹೊಲದ ದಾರಿಯಲ್ಲಿ ಕಿರಿಕಿರಿಯೂ ಕಡಿಮೆ. ಅತಿಭಾರಕ್ಕೆ 2019ರ ತಿದ್ದುಪಡಿ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಗಾಲಿ ನಾಲ್ಕಿರಲಿ, ಆರಿರಲಿ, ಇದು ಬದಲಾಗದು.

ಗಾಡಿ ಈಗಾಗಲೇ ಇದ್ದರೆ ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಚಾಲಕನೂ ಸೇರಿ ಹೊರಬಹುದಾದದ್ದು ಅಷ್ಟು. ಆಮೇಲೆ ಒಮ್ಮೆ ರೂಢಿಯ ಲೋಡಿನೊಂದಿಗೆ ಕಾಟಾಕ್ಕೆ ಹೋಗಿ ಇಡೀ ಗಾಡಿ ತೂಗಿಸಿ. ನಂತರ ಮುಂದಿನ ಗಾಲಿಗಳನ್ನು ಕಾಟಾದಿಂದ ಕೆಳಗಿಳಿಸಿ, ಹಿಂದಿನವನ್ನು ಮಾತ್ರ ಅದರ ಮೇಲೆ ಉಳಿಸಿ ಮತ್ತೊಮ್ಮೆ ತೂಗಿಸಿ. ಆ ಎರಡನೆಯ ಅಂಕಿಯನ್ನು ಟೈರಿನ ಬದಿಯ ಅಂಕಿಯ ಲೆಕ್ಕದೊಂದಿಗೆ ಹೋಲಿಸಿ ನೋಡಿ.