ಯೂರೋಪಿನ ಯಹೂದಿ ಸಾಹುಕಾರರು: ಸನ್ನದು ಕೊಟ್ಟದ್ದೇನು, ಕೊಡದಿದ್ದುದೇನು?

ಹಿಂದಿನ ಕಾಲದಲ್ಲಿ ಯೂರೋಪಿನ ಹಣವೆಲ್ಲ ಯಹೂದಿಗಳ ಹಿಡಿತದಲ್ಲಿತ್ತು, ದೊರೆಗಳೇ ಅವರ ಮುಂದೆ ಕೈಯೊಡ್ಡುತ್ತಿದ್ದರು ಎಂಬ ಮಾತು ನಮ್ಮ ನಡುವೆಯೂ ಆಗಾಗ ಕೇಳಿಬರುತ್ತದೆ. ಚರಿತ್ರೆಯನ್ನು ಪರಿಶೀಲಿಸಿದರೆ ಈ ಮಾತು ನಿಲ್ಲುವುದಿಲ್ಲ. 1519ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯಾಗಿ ಚುನಾಯಿತನಾಗಲು ಬೇಕಾದ ಹಣದ ಬಹುಪಾಲನ್ನು ಒದಗಿಸಿದವರು ಔಗ್ಸ್‌ಬರ್ಗ್ ನಗರದ ಫುಗ್ಗರ್ ಮನೆತನದವರು. ಅವರು ಕ್ಯಾಥೊಲಿಕ್ ಕ್ರೈಸ್ತರು. ಜರ್ಮನ್ ನಾಡುಗಳ ಯಹೂದಿಗಳಲ್ಲಿ ಹೆಚ್ಚಿನವರು ಊರೂರು ಅಲೆದು ಸಣ್ಣಪುಟ್ಟ ಸಾಮಾನು ಮಾರಿ ಬದುಕುವ ಬಡವರಾಗಿದ್ದರು.

ಹಾಗಾದರೆ ಕೆಲವು ಯಹೂದಿಗಳು ಲೇವಾದೇವಿಗೆ ಇಳಿದದ್ದೇಕೆ? ಹೆಚ್ಚಿನ ಕಡೆಗಳಲ್ಲಿ ಅವರು ಭೂಮಿ ಕೊಳ್ಳುವಂತಿರಲಿಲ್ಲ. ಕುಶಲಕರ್ಮಿಗಳ ಸಂಘಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಚರ್ಚು ಕ್ರೈಸ್ತರಿಗೆ ಬಡ್ಡಿಯನ್ನು ನಿಷೇಧಿಸಿತ್ತು, ಆದರೆ ಸಾಲದ ಅಗತ್ಯ ಯಾರನ್ನೂ ಬಿಟ್ಟಿರಲಿಲ್ಲ. ತಾವು ಪಾಪವೆಂದು ಬಗೆದ ಕೆಲಸವನ್ನು ಇತರರಿಂದ ಮಾಡಿಸಿ, ಬಳಿಕ ಅದಕ್ಕಾಗಿ ಅವರನ್ನೇ ದ್ವೇಷಿಸುವ ವಿಚಿತ್ರ ವ್ಯವಸ್ಥೆ ಹೀಗೆ ಬೆಳೆಯಿತು. ವೆನಿಸ್ ನಗರವು 1516ರಲ್ಲಿ ಯಹೂದಿಗಳನ್ನು ಗೆಟ್ಟೊ ಎಂಬ ಕೇರಿಯೊಳಗೆ ಇರಿಸಿತು. ಅವರ ವಾಸಕ್ಕೆ ಗೊತ್ತಾದ ಅವಧಿಯ ಒಪ್ಪಂದವಿತ್ತು. ನಗರದ ಬಡವರಿಗೆ ಒಡವೆ ವಸ್ತು ಅಡವಿಟ್ಟುಕೊಂಡು ಕಡಿಮೆ ಬಡ್ಡಿಗೆ ಸಾಲ ಕೊಡುವುದು ಅದರ ಷರತ್ತಾಯಿತು. ಇರುಳಲ್ಲಿ ಕೇರಿಯ ಬಾಗಿಲಿಗೆ ಬೀಗ ಬೀಳುತ್ತಿತ್ತು. ಕಾವಲುಗಾರರ ಸಂಬಳವನ್ನೂ ಯಹೂದಿಗಳೇ ತೆರಬೇಕಿತ್ತು.

ಹದಿನೇಳನೆಯ ಶತಮಾನದಲ್ಲಿ ಜರ್ಮನ್ ಅರಸರಿಗೆ ಯುದ್ಧ ಮತ್ತು ಆಡಂಬರಗಳಿಗಾಗಿ ಹಣ ಸಾಲದಾಯಿತು. ಆಗ ಬೆರಳೆಣಿಕೆಯ ಯಹೂದಿ ವರ್ತಕರಿಗೆ ಅವರು ವಿಶೇಷ ಸನ್ನದುಗಳನ್ನು ನೀಡಿದರು. ಸನ್ನದು ಪಡೆದವನು ಇತರ ಯಹೂದಿಗಳಿಗೆ ಪ್ರವೇಶವಿಲ್ಲದ ನಗರದಲ್ಲಿ ಮನೆ ಮಾಡಬಹುದಿತ್ತು. ದನಕರುಗಳಿಗೆ ಸುಂಕ ವಿಧಿಸುವಂತೆ ಯಹೂದಿಯ ದೇಹಕ್ಕೇ ವಿಧಿಸುತ್ತಿದ್ದ ದಾರಿಸುಂಕದಿಂದ ಅವನಿಗೆ ವಿನಾಯಿತಿ ಇರುತ್ತಿತ್ತು. ನಗರ ನ್ಯಾಯಾಲಯದ ಬದಲು ಆಸ್ಥಾನದ ಅಧಿಕಾರಿಯ ಮುಂದೆ ಅವನ ವ್ಯಾಜ್ಯ ನಡೆಯುತ್ತಿತ್ತು. ಇವೆಲ್ಲವೂ ಒಬ್ಬ ವ್ಯಕ್ತಿಗೆ ಮತ್ತು ಅವನ ಮನೆಯವರಿಗೆ ಮಾತ್ರ ಸಲ್ಲುತ್ತಿದ್ದವು, ಅವನ ಸಮುದಾಯಕ್ಕಲ್ಲ.

ಈ ಸವಲತ್ತಿನ ನಿಜವಾದ ಬೆಲೆಯನ್ನು ಸ್ಯಾಮುಯೆಲ್ ಒಪ್ಪೆನ್‌ಹೈಮರನ ಬದುಕು ತೋರಿಸುತ್ತದೆ. 1670ರಲ್ಲಿ ಸಾಮ್ರಾಟ ಲಿಯೊಪೋಲ್ಡ್ ವಿಯೆನ್ನಾದಿಂದ ಯಹೂದಿಗಳನ್ನು ಹೊರಹಾಕಿದನು. ಕೆಲವೇ ವರ್ಷಗಳಲ್ಲಿ ಸೇನೆಗೆ ಸಾಮಗ್ರಿ ಬೇಕಾಯಿತು. ಒಪ್ಪೆನ್‌ಹೈಮರನಿಗೆ ಅದೇ ನಗರದಲ್ಲಿ ನೆಲೆಸಲು ಅನುಮತಿ ದೊರೆಯಿತು. 1683ರಲ್ಲಿ ಉಸ್ಮಾನೀ ಸೇನೆಯು ವಿಯೆನ್ನಾವನ್ನು ಮುತ್ತಿದಾಗಲೂ, ಅನಂತರದ ದೀರ್ಘ ಯುದ್ಧದಲ್ಲೂ ಸಾಮ್ರಾಟನ ಪಡೆಗೆ ಸಾಮಗ್ರಿ ಒದಗಿಸಿದವನು ಅವನೇ. ಆದರೂ 1700ರಲ್ಲಿ ದೊಂಬಿಯೊಂದು ಅವನ ಮನೆಯನ್ನು ದೋಚಿತು. 1703ರಲ್ಲಿ ಅವನು ತೀರಿಕೊಂಡಾಗ, ಖಜಾನೆಯು ಅವನಿಗೆ ಕೊಡಬೇಕಾಗಿದ್ದ ಲಕ್ಷಾಂತರ ಗುಲ್ಡನ್ ಸಾಲವನ್ನು ತೀರಿಸಲು ನಿರಾಕರಿಸಿತು. ಬದಲಿಗೆ ಅವನೇ ತನಗೆ ಬಾಕಿದಾರನೆಂದು ವಾದಿಸಿತು. ಅವನ ಸಂಸ್ಥೆ ದಿವಾಳಿಯಾಯಿತು.

ವುರ್ಟೆಂಬರ್ಗಿನ ಡ್ಯೂಕ್ ಕಾರ್ಲ್ ಅಲೆಕ್ಸಾಂಡರನ ಹಣಕಾಸು ಸಲಹೆಗಾರ ಜೋಸೆಫ್ ಸ್ಯೂಸ್ ಒಪ್ಪೆನ್‌ಹೈಮರನ ಕಥೆ ಇನ್ನೂ ದಾರುಣವಾದುದು. ಅವನನ್ನು ಯಾವ ವಿಚಾರಣೆಗೂ ಗುರಿಪಡಿಸಬಾರದೆಂದು ಡ್ಯೂಕ್ 1737ರ ಫೆಬ್ರವರಿಯಲ್ಲಿ ಲಿಖಿತ ಅಭಯ ಕೊಟ್ಟಿದ್ದನು. ಮಾರ್ಚ್ 12ರಂದು ಡ್ಯೂಕ್ ಹಠಾತ್ತನೆ ಮರಣಹೊಂದಿದನು. ಕೂಡಲೇ ಸ್ಯೂಸ್ ಬಂಧಿತನಾದನು. ಆಡಳಿತದ ಮೇಲಿನ ಜನರ ಕೋಪವನ್ನೆಲ್ಲ ಅವನೊಬ್ಬನ ಮೇಲೆ ಹೊರಿಸಲಾಯಿತು. ಕ್ರೈಸ್ತನಾಗಬೇಕೆಂಬ ಪಾದ್ರಿಗಳ ಒತ್ತಾಯಕ್ಕೆ ಅವನು ಮಣಿಯಲಿಲ್ಲ. 1738ರ ಫೆಬ್ರವರಿ 4ರಂದು ಸ್ಟುಟ್‌ಗಾರ್ಟಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಬ್ಬಿಣದ ಪಂಜರದಲ್ಲಿ ಅವನ ಶವ ಆರು ವರ್ಷ ತೂಗಾಡಿತು. ಎರಡು ಶತಮಾನಗಳ ಬಳಿಕ, 1940ರಲ್ಲಿ, ನಾಜಿಗಳು ಅವನ ಹೆಸರನ್ನೇ ಹಿಡಿದು ಯಹೂದಿ ದ್ವೇಷದ ಚಲನಚಿತ್ರವೊಂದನ್ನು ನಿರ್ಮಿಸಿದರು.

ದೊರೆಯ ಕೃಪೆಯಿಂದ ಬಂದದ್ದು ದೊರೆಯ ಉಸಿರಿನೊಂದಿಗೆ ಹೋಗುತ್ತದೆ. ಕೆಲವರ ವೈಭವವನ್ನು ಕಂಡು ಜನರು ಇಡೀ ಸಮುದಾಯದ ಮೇಲೆ ಹಗೆ ಸಾಧಿಸಿದರು. ಆ ವೈಭವವಾದರೂ ಬಡ ಯಹೂದಿಯ ಮನೆಗೆ ಎಂದೂ ತಲುಪಿರಲಿಲ್ಲ. 1791ರ ಸೆಪ್ಟೆಂಬರ್ 27ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆಯು ಯಹೂದಿಗಳಿಗೆ ಪೂರ್ಣ ಪೌರತ್ವ ನೀಡಿತು. ಪೌರನಾಗಿ ಪ್ರಮಾಣವಚನ ಸ್ವೀಕರಿಸಿದವನು ಹಿಂದಿನ ವಿಶೇಷ ಸವಲತ್ತುಗಳನ್ನೆಲ್ಲ ತ್ಯಜಿಸಿದಂತೆ ಎಂದೂ ಅದೇ ಕಾಲದಲ್ಲಿ ನಿರ್ಣಯವಾಯಿತು. ಸವಲತ್ತನ್ನು ಬಿಟ್ಟುಕೊಟ್ಟು ಅವರು ಪಡೆದದ್ದು, ನೆರೆಯವನಿಗೂ ತನಗೂ ಒಂದೇ ಆಗಿರುವ ಕಾನೂನನ್ನು. ಅಲ್ಪಸಂಖ್ಯಾತರಾಗಿ ಬಾಳುವ ಯಾವ ಸಮುದಾಯವೂ ಈ ವ್ಯತ್ಯಾಸವನ್ನು ತನ್ನ ಮಕ್ಕಳಿಗೆ ತಿಳಿಸಿಕೊಡಬೇಕು.