ಪರಚಿತ್ತಗ್ರಹಣ ಮತ್ತು ಸೃಜನಶೀಲತೆ

ಎದುರಿನವರು ಏನು ಬಲ್ಲರು, ಏನು ಬಯಸುತ್ತಾರೆ, ಯಾವುದನ್ನು ತಪ್ಪಾಗಿ ನಂಬಿದ್ದಾರೆ ಎಂದು ಊಹಿಸುವ ಸಾಮರ್ಥ್ಯವೇ ಪರಚಿತ್ತಗ್ರಹಣ. ಮನೋವಿಜ್ಞಾನಿಗಳು ಇದಕ್ಕೆ ಬಳಸುವ ‘ಥಿಯರಿ ಆಫ್ ಮೈಂಡ್’ ಎಂಬ ಹೆಸರು, 1978ರಲ್ಲಿ ಡೇವಿಡ್ ಪ್ರೆಮ್ಯಾಕ್ ಮತ್ತು ಗೈ ವುಡ್ರಫ್ ಚಿಂಪಾಂಜಿಗಳ ಬಗ್ಗೆ ಬರೆದ ಲೇಖನದಿಂದ ಬಂದದ್ದು. ಮಕ್ಕಳಿಗೆ ಇನ್ನೊಬ್ಬರ ತಪ್ಪು ನಂಬಿಕೆ ಅರ್ಥವಾಗುವುದು ಸುಮಾರು 4 ವರ್ಷಕ್ಕೆ. ಬಾಳೆಹಣ್ಣನ್ನು ಕಿವಿಗಿಟ್ಟು ಫೋನಿನಾಟ ಆಡುವುದು ಅದಕ್ಕೂ ಮೊದಲೇ. ಎರಡರ ಬೇರೂ ಒಂದೇ ಎಂದು 1987ರಲ್ಲಿ ಮನೋವಿಜ್ಞಾನಿ ಅಲನ್ ಲೆಸ್ಲಿ ವಾದಿಸಿದರು. ಆದರೂ ಪರಚಿತ್ತಗ್ರಹಣ ಇದ್ದಲ್ಲೇ ಸೃಜನಶೀಲತೆ ಇರಬೇಕೆಂದಿಲ್ಲ. ಇನ್ನೊಬ್ಬರ ತಪ್ಪು ನಂಬಿಕೆಯನ್ನು ಊಹಿಸುವ ಪರೀಕ್ಷೆಗಳು ಕಷ್ಟವಾಗುವ, ಆಟಿಸಂ ಇರುವವರಲ್ಲೂ ಅಪೂರ್ವ ಕಲಾವಿದರಿದ್ದಾರೆ.

ಇವೆರಡರ ನಂಟನ್ನು ವಿವರಿಸಲು ಸಂಶೋಧಕರಾದ ಆಡಮ್ ಗ್ರಾಂಟ್ ಮತ್ತು ಜೇಮ್ಸ್ ಬೆರಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಸಮಂಜಸ: ಕೆಲಸದಲ್ಲಿ ಆಸಕ್ತಿ ಇದ್ದರೆ ಹೊಸತನ ಬರುತ್ತದೆ, ಆ ಹೊಸತು ಯಾರಿಗಾದರೂ ಉಪಯೋಗಕ್ಕೆ ಬರಬೇಕಾದರೆ ಅವರ ಕಣ್ಣಿನಿಂದಲೂ ನೋಡಬೇಕು.

ಹೀಗೆ ಎದುರಿನವರ ಕಣ್ಣಿನಿಂದ ನೋಡುವುದು ಜನಪದ ಕಲೆಗೆ ಹೊಸದಲ್ಲ. ಕೋಲ್ಕತ್ತದ ದಕ್ಷಿಣದಂಚಿನ ಜೋಕಾದಲ್ಲಿ ಗುರುಸದಯ್ ದತ್ತರ (1882–1941) ಜನಪದ ಕಲಾಸಂಗ್ರಹದ ಮ್ಯೂಸಿಯಂ ಇದೆ. ಅದರಲ್ಲಿ ಬಂಗಾಳದ ಪಟುವಾಗಳ ಸುರುಳಿ ಪಟಗಳೂ ಸೇರಿವೆ. ಪಟುವಾ ಮನೆಬಾಗಿಲಲ್ಲಿ ಕೂತು ಒಂದೊಂದೇ ಚಿತ್ರ ಬಿಚ್ಚಿ, ಬೆರಳಿಟ್ಟು ತೋರಿಸುತ್ತ ಹಾಡುವವನು. ಹಿಂದೂಗಳಿಗೆ ಮನಸಾದೇವಿಯ ಕಥೆ, ಮುಸ್ಲಿಮರಿಗೆ ಗಾಜಿ ಪೀರನದು. ಕೇಳುಗರಿಲ್ಲದ ಪಟ ಅರ್ಧ ಕಲೆ ಮಾತ್ರ.

ಕನ್ನಡದಲ್ಲಿ ಪರಚಿತ್ತಗ್ರಹಣಕ್ಕೂ ಸೃಜನಶೀಲತೆಗೂ ಇರುವ ಈ ನಂಟು ನಿಚ್ಚಳವಾಗಿ ಕಾಣುವುದು ಕರಾವಳಿ, ಮಲೆನಾಡು, ಕಾಸರಗೋಡಿನ ತಾಳಮದ್ದಳೆಯಲ್ಲಿ, ಅಂದರೆ ಯಕ್ಷಗಾನದ ಮಾತಿನ ಕೂಟದಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿ ಕುಳಿತಲ್ಲೇ ಮಾತು ಕಟ್ಟಬೇಕು. ‘ವಾಲಿವಧೆ’ಯಲ್ಲಿ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ಕೇಳುತ್ತಾನೆ. ತಮ್ಮನ ಮಡದಿಯನ್ನು ಇಟ್ಟುಕೊಂಡದ್ದು, ಭೂಮಿಯೆಲ್ಲ ಭರತನ ಆಳ್ವಿಕೆಗೆ ಸೇರಿದ್ದು, ಬೇಟೆಯಲ್ಲಿ ಮರೆಯಿಂದ ಹೊಡೆಯುವುದು ತಪ್ಪಲ್ಲದ್ದು: ರಾಮ ಹಿಡಿಯಬಹುದಾದ ಈ ದಾರಿಗಳನ್ನು ಮೊದಲೇ ಎಣಿಸಿ, ಒಂದೊಂದಕ್ಕೂ ಅಡ್ಡ ಹಾಕಿಯೇ ವಾಲಿ ಪ್ರಶ್ನೆ ಎಸೆಯಬಲ್ಲ. ಆಗ ರಾಮನ ಅರ್ಥಧಾರಿ ಹೊಸ ಜಾಡು ಹುಡುಕಲೇಬೇಕು. ಹಾಗೆಂದು ಇದಿರಾಳಿಯನ್ನು ತೀರ ಕಟ್ಟಿಹಾಕುವಂತೆಯೂ ಇಲ್ಲ. ಕೊನೆಗೆ ವಾಲಿ ರಾಮನನ್ನು ಒಪ್ಪದಿದ್ದರೆ ಪ್ರಸಂಗ ಮುಂದೆ ಸಾಗದು. ಇದಿರಿನವನು ಎಷ್ಟು ತಡೆದುಕೊಳ್ಳಬಲ್ಲ, ಸಭೆ ಯಾರ ಕಡೆ ವಾಲುತ್ತಿದೆ ಎಂಬುದು ತಿಳಿಯದವನ ಪಾಂಡಿತ್ಯ ಬರೀ ಉಪನ್ಯಾಸವಾಗುತ್ತದೆ. ಅಂಥ ಕೂಟಗಳೂ ಕಡಿಮೆಯಿಲ್ಲ.

ಕಾಸರಗೋಡು ಸೀಮೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ತಾಳಮದ್ದಳೆಯಲ್ಲಿ ಹೆಸರಾದದ್ದು ವಾಲಿ, ರಾವಣ, ಮಾಗಧರಂಥ ಪ್ರತಿನಾಯಕರ ಪಾತ್ರಗಳಿಂದ. ಯಕ್ಷಗಾನ ರಂಗದಲ್ಲಿ ಅವರು ಮೂಲ್ಕಿಯ ಬಪ್ಪನಾಡು ಕ್ಷೇತ್ರದ ಕಥೆಯ ಮುಸ್ಲಿಂ ವರ್ತಕ ಬಪ್ಪ ಬ್ಯಾರಿಯಾಗಿಯೂ ಜನಪ್ರಿಯರಾಗಿದ್ದರು.